ನೀರುಚಿಗಟದ ಹೊಟ್ಟೆಪಾಡು ಮತ್ತು ಹೊಲದ ಔಷಧಿ

ಮಕ್ಕಳೇ, ನಿಮ್ಮೂರಿನ ಕೆರೆಯ ಅಥವಾ ಕಟ್ಟೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದು ನೋಡಿದ್ದೀರಾ? ಮೊದಲು ಏನೂ ಕಾಣುವುದಿಲ್ಲ. ಒಂದೆರಡು ನಿಮಿಷ ತಾಳ್ಮೆಯಿಂದ ನೋಡಿ. ರವೆಯ ಕಾಳಿಗಿಂತ ಸಣ್ಣ ಚುಕ್ಕಿಗಳು ಕಾಣತೊಡಗುತ್ತವೆ. ಕೆಲವು ಮೇಲಕ್ಕೆ ಜಿಗಿದು ನಿಧಾನವಾಗಿ ಕೆಳಗಿಳಿಯುತ್ತವೆ, ಮತ್ತೆ ಜಿಗಿಯುತ್ತವೆ. ಕೆಲವು ಬಾಣದಂತೆ ಸರ್ರನೆ ಓಡುತ್ತವೆ. ಇವು ಕಸವಲ್ಲ, ಪ್ರಾಣಿಗಳು. ನೀರಿನಲ್ಲಿ ತೇಲುತ್ತಾ ಬದುಕುವ ಇಂಥ ಸಣ್ಣ ಪ್ರಾಣಿಗಳನ್ನೆಲ್ಲ ಒಟ್ಟಾಗಿ ಪ್ರಾಣಿಪ್ಲವಕಗಳು ಎನ್ನುತ್ತಾರೆ.

ಜಿಗಿಯುವ ಪ್ರಾಣಿಗೆ ನೀರುಚಿಗಟ ಎಂದು ಹೆಸರು. ಡ್ಯಾಫ್ನಿಯ, ಮೊಯ್ನ ಎಂಬುವು ಇದರ ಎರಡು ಬಗೆಗಳು. ಸರ್ರನೆ ಓಡುವುದು ಸೈಕ್ಲಾಪ್ಸ್. ಇವೆರಡಕ್ಕಿಂತಲೂ ಸಣ್ಣದಾದ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಚೆನ್ನಾಗಿ ಕಾಣುವ ಇನ್ನೊಂದು ಗುಂಪು ರೋಟಿಫರ್. ಈ ಪಾಠದಲ್ಲಿ ನಾವು ಮುಖ್ಯವಾಗಿ ನೀರುಚಿಗಟದ ಬದುಕನ್ನು ನೋಡೋಣ. ಹೊಲಕ್ಕೆ ಹೊಡೆದ ಔಷಧಿ ಕೆರೆಗೆ ಹರಿದಾಗ ಅದಕ್ಕೆ ಏನಾಗುತ್ತದೆ? ಅದರ ಹೊಟ್ಟೆ ತುಂಬಿದ್ದರೆ ಒಂದು ಫಲ, ಹಸಿದಿದ್ದರೆ ಇನ್ನೊಂದು ಫಲ ಏಕೆ? ಇವು ನಮ್ಮ ಮುಂದಿರುವ ಪ್ರಶ್ನೆಗಳು.

ನೀರುಚಿಗಟ ಎಂದರೆ ಯಾರು?

ಹೆಸರಿನಲ್ಲಿ ಚಿಗಟ ಎಂದಿದ್ದರೂ ಇದು ನಾಯಿಯ ಮೈಮೇಲಿನ ಚಿಗಟವಲ್ಲ. ಯಾರನ್ನೂ ಕಚ್ಚುವುದಿಲ್ಲ. ಜಿಗಿಯುವ ರೀತಿಯಿಂದ ಈ ಹೆಸರು ಬಂದಿದೆ. ಇದು ಏಡಿ ಮತ್ತು ಸೀಗಡಿಗಳ ದೂರದ ನೆಂಟ. ಕೀಟಗಳು, ಜೇಡಗಳು, ಏಡಿಗಳು ಎಲ್ಲವೂ ಸಂಧಿಪದಿಗಳು ಎಂಬ ಒಂದೇ ದೊಡ್ಡ ಗುಂಪಿಗೆ ಸೇರುತ್ತವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದು ಬೇಕಾಗುತ್ತದೆ.

ನೀರುಚಿಗಟದ ಮೈ ಗಾಜಿನಂತೆ ಪಾರದರ್ಶಕ. ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಕಣ್ಣು, ಹಸಿರು ತುಂಬಿದ ಕರುಳು, ಬೆನ್ನಿನ ಬಳಿ ಬಡಿಯುವ ಪುಟ್ಟ ಹೃದಯ ಎಲ್ಲವೂ ಹೊರಗಿನಿಂದಲೇ ಕಾಣುತ್ತವೆ. ಆ ಹೃದಯ ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ಬಡಿಯುತ್ತದೆ. ತಲೆಯ ಎರಡು ಪಕ್ಕದಲ್ಲಿ ಕವಲೊಡೆದ ಉದ್ದನೆಯ ಮೀಸೆಗಳಿವೆ. ಅವನ್ನು ಹುಟ್ಟಿನಂತೆ ಬೀಸಿ ಅದು ಈಜುತ್ತದೆ.

ಊಟ ಮಾಡುವ ರೀತಿ ಇನ್ನೂ ಸ್ವಾರಸ್ಯಕರ. ಚಿಪ್ಪಿನ ಒಳಗೆ ಇರುವ ಅದರ ಕಾಲುಗಳಲ್ಲಿ ಬಾಚಣಿಗೆಯಂತೆ ಸಾಲಾಗಿ ಕೂದಲುಗಳಿವೆ. ಕಾಲುಗಳು ಬಿಡುವಿಲ್ಲದೆ ಅಲುಗಾಡುತ್ತವೆ, ನೀರು ಒಳಗೆ ಹರಿಯುತ್ತದೆ. ಅದರಲ್ಲಿರುವ ಸೂಕ್ಷ್ಮ ಪಾಚಿಯೂ ಬ್ಯಾಕ್ಟೀರಿಯಾಗಳೂ ಆ ಕೂದಲುಗಳಲ್ಲಿ ಸಿಕ್ಕಿಕೊಂಡು ಬಾಯಿಗೆ ಹೋಗುತ್ತವೆ. ನಮ್ಮ ಮನೆಯಲ್ಲಿ ಚಹಾ ಸೋಸುವ ಜಾಲರಿಯನ್ನು ನೆನಪಿಸಿಕೊಳ್ಳಿ. ಒಂದು ದೊಡ್ಡ ಜಾತಿಯ ಡ್ಯಾಫ್ನಿಯ ದಿನಕ್ಕೆ ಹತ್ತಾರು ಮಿಲಿಲೀಟರ್ ನೀರನ್ನು ಸೋಸಬಲ್ಲದು. 20 ಮಿಲಿಲೀಟರ್ ಎಂದು ಹಿಡಿದರೂ, 50 ಚಿಗಟಗಳು ಸೇರಿದರೆ ದಿನಕ್ಕೆ ಒಂದು ಲೀಟರ್ ನೀರು ಸೋಸಿದಂತಾಯಿತು. ಕೆರೆಯಲ್ಲಿ ಇವು ಲಕ್ಷಗಟ್ಟಲೆ ಇರುತ್ತವೆ. ಕೆರೆಯ ನೀರು ದಟ್ಟ ಹಸಿರಾಗದಂತೆ ತಡೆಯುವ ಕೂಲಿಯಾಳುಗಳಲ್ಲಿ ಇವೂ ಸೇರಿವೆ. ಜೊತೆಗೆ, ಮೀನುಮರಿಗಳಿಗೆ ಇವು ಅನ್ನ.

ಆಹಾರ ಸಿಕ್ಕರೆ, ಸಿಗದಿದ್ದರೆ

ಆಹಾರ ಚೆನ್ನಾಗಿದ್ದಾಗ ನೀರುಚಿಗಟಗಳ ಗುಂಪಿನಲ್ಲಿ ಹೆಚ್ಚಾಗಿ ಹೆಣ್ಣುಗಳೇ ಇರುತ್ತವೆ. ಗಂಡಿನ ನೆರವಿಲ್ಲದೆಯೇ ಅವು ಮರಿ ಹಾಕುತ್ತವೆ. ಬೆನ್ನಿನ ಚೀಲದಲ್ಲಿ ಮೊಟ್ಟೆಗಳು ಬೆಳೆದು ಮರಿಗಳಾಗಿ ಈಜಿ ಹೊರಬರುತ್ತವೆ. ಬೆಚ್ಚಗಿನ ನೀರಿನಲ್ಲಿ ಒಂದು ಮರಿ ಸುಮಾರು ಒಂದು ವಾರದಲ್ಲಿ ತಾಯಿಯಾಗುತ್ತದೆ. ಆಮೇಲೆ ಮೂರ್ನಾಲ್ಕು ದಿನಕ್ಕೊಮ್ಮೆ ಹೊಸ ಮರಿಗಳ ಗುಂಪು. ಹೊಟ್ಟೆ ತುಂಬಿದ ತಾಯಿಯ ಬೆನ್ನಿನಲ್ಲಿ ಹತ್ತಾರು ಮೊಟ್ಟೆಗಳಿದ್ದರೆ, ಅರೆಹೊಟ್ಟೆಯ ತಾಯಿಯ ಬೆನ್ನಿನಲ್ಲಿ ಒಂದೆರಡು ಇರುತ್ತವೆ, ಕೆಲವೊಮ್ಮೆ ಒಂದೂ ಇರುವುದಿಲ್ಲ.

ಆಹಾರ ತೀರಾ ಕಡಿಮೆಯಾದಾಗ, ಜನಸಂದಣಿ ಹೆಚ್ಚಾದಾಗ, ಕೆರೆ ಒಣಗುವ ಸೂಚನೆ ಕಂಡಾಗ ಗಂಡುಗಳು ಹುಟ್ಟುತ್ತವೆ. ಆಗ ಹೆಣ್ಣುಗಳು ಗಟ್ಟಿ ಚಿಪ್ಪಿನ ವಿಶೇಷ ಮೊಟ್ಟೆಗಳನ್ನು ಇಡುತ್ತವೆ. ಕುದುರೆಯ ಜೀನಿನ ಆಕಾರದ ಕವಚದೊಳಗೆ ಇರುವ ಈ ಮೊಟ್ಟೆಗಳು ಒಣಗಿದ ಹೂಳಿನಲ್ಲಿ ಸುಮ್ಮನೆ ಮಲಗಿರುತ್ತವೆ. ಮಳೆ ಬಂದು ಕೆರೆ ತುಂಬಿದಾಗ ಮರಿಗಳಾಗುತ್ತವೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಿದ್ದ ಕಟ್ಟೆಯಲ್ಲಿ ಮಳೆಗಾಲದ ಕೆಲವೇ ದಿನಗಳಲ್ಲಿ ನೀರುಚಿಗಟ ಹೇಗೆ ಬಂತು ಎಂಬ ಪ್ರಶ್ನೆಗೆ ಇದೇ ಉತ್ತರ. ದಶಕಗಳ ಕಾಲ ಹೂಳಿನಲ್ಲಿದ್ದ ಮೊಟ್ಟೆಗಳಿಂದಲೂ ವಿಜ್ಞಾನಿಗಳು ಮರಿ ಮಾಡಿಸಿದ್ದಾರೆ.

ಹೊಲದಿಂದ ಕೆರೆಗೆ

ನಮ್ಮ ಊರುಗಳಲ್ಲಿ ಕೀಟನಾಶಕವನ್ನು ಔಷಧಿ ಎನ್ನುತ್ತೇವೆ. ಉತ್ತರ ಕರ್ನಾಟಕದ ಕಡೆ ಎಣ್ಣೆ ಹೊಡೆಯುವುದು ಎಂಬ ಮಾತೂ ಇದೆ. ಹುಳದ ಕಾಟದಿಂದ ಬೆಳೆ ಉಳಿಸಿಕೊಳ್ಳುವ ರೈತರಿಗೆ ಅದು ಔಷಧಿಯೇ ಸರಿ. ಒಂದು ಹಂಗಾಮಿನ ಬೆಳೆ ಹೋದರೆ ಮನೆಯ ಸಾಲ ಹೇಗೆ ಬೆಳೆಯುತ್ತದೆ ಎಂಬುದು ನಿಮಗೂ ಗೊತ್ತು. ಆದರೆ ಡಬ್ಬಿಯೊಳಗಿನ ದ್ರವಕ್ಕೆ ಇದು ಕಾಯಿಕೊರಕ ಹುಳ, ಇದು ನೀರುಚಿಗಟ ಎಂಬ ಭೇದ ತಿಳಿಯುವುದಿಲ್ಲ.

ಹೊಲದ ಔಷಧಿ ನೀರಿಗೆ ಸೇರುವ ದಾರಿಗಳು ಹಲವು. ಸಿಂಪಡಿಸುವಾಗ ಗಾಳಿಗೆ ತೇಲಿ ಹೋಗುವುದು ಒಂದು. ಸಿಂಪಡಿಸಿದ ಮೇಲೆ ಮಳೆ ಬಂದು ಮಣ್ಣಿನೊಂದಿಗೆ ಕೊಚ್ಚಿಹೋಗುವುದು ಇನ್ನೊಂದು. ಭತ್ತದ ಗದ್ದೆಯಿಂದ ಬಸಿದು ಕಾಲುವೆಗೆ ಬರುವುದು ಮೂರನೆಯದು. ಸ್ಪ್ರೇಯರನ್ನು ಕೆರೆಯ ಅಂಚಿನಲ್ಲೇ ತೊಳೆಯುವುದು ನಾಲ್ಕನೆಯದು. ಈ ಕೊನೆಯ ದಾರಿ ಸಣ್ಣದೆಂದು ತೋರಬಹುದು. ಸಣ್ಣದೇ ಎಂದು ಮುಂದೆ ಲೆಕ್ಕ ಮಾಡಿ ನೋಡೋಣ.

ವಿಷ ಹೇಗೆ ಕೆಲಸ ಮಾಡುತ್ತದೆ?

ಮ್ಯಾಲಥಿಯಾನ್ ಎಂಬ ಕೀಟನಾಶಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪ್ರಾಣಿಗಳ ಮೈಯಲ್ಲಿ ನರದಿಂದ ಮುಂದಿನ ನರಕ್ಕೆ ಅಥವಾ ಸ್ನಾಯುವಿಗೆ ಸುದ್ದಿ ಒಯ್ಯುವ ರಾಸಾಯನಿಕಗಳಿವೆ. ಅವುಗಳಲ್ಲಿ ಒಂದು ಅಸಿಟೈಲ್‌ಕೋಲಿನ್. ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಬಂದು ಅದನ್ನು ಒಡೆದು ಹಾಕುತ್ತದೆ. ಪಾಠ ಮುಗಿದ ಮೇಲೆ ಕಪ್ಪುಹಲಗೆ ಒರೆಸುವ ಹಾಗೆ. ಮ್ಯಾಲಥಿಯಾನ್ ಮೈಯೊಳಗೆ ಹೋಗಿ ಮಾರ್ಪಾಡಾಗಿ ಆ ಒರೆಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಹಲಗೆ ಒರೆಸುವವರಿಲ್ಲದೆ ಸುದ್ದಿಯ ಮೇಲೆ ಸುದ್ದಿ ಬೀಳುತ್ತದೆ. ಸ್ನಾಯುಗಳು ಸಡಿಲವಾಗದೆ ನಡುಗುತ್ತವೆ, ಕೊನೆಗೆ ಸೋಲುತ್ತವೆ. ಕೀಟ ಸಾಯುವುದು ಹೀಗೆ.

ನೀರುಚಿಗಟವೂ ಕೀಟಗಳ ಹಾಗೆ ಸಂಧಿಪದಿ ಎಂದು ಹೇಳಿದ್ದು ನೆನಪಿದೆಯೇ? ಅದರ ನರಮಂಡಲವೂ ಇದೇ ರೀತಿ ಕೆಲಸ ಮಾಡುತ್ತದೆ. ಆದ್ದರಿಂದ ಕೀಟಕ್ಕೆ ಬೀಸಿದ ಏಟು ಅದಕ್ಕೂ ಬೀಳುತ್ತದೆ. ನಮ್ಮ ಮೈಯಲ್ಲಿ ಮ್ಯಾಲಥಿಯಾನನ್ನು ಬೇಗ ಒಡೆಯುವ ಬೇರೊಂದು ಕಿಣ್ವ ಹೆಚ್ಚಾಗಿದೆ. ಹಾಗೆಂದು ಅದು ನಮಗೆ ನಿರಪಾಯಕಾರಿ ಎಂದು ತಿಳಿಯಬೇಡಿ. ಹೆಚ್ಚು ಪ್ರಮಾಣದಲ್ಲಿ ಮೈಗೆ ಹೋದರೆ ಮನುಷ್ಯರ ಜೀವಕ್ಕೂ ಅಪಾಯ.

ಎಷ್ಟು ಕಡಿಮೆ ಎಂದರೆ ಕಡಿಮೆ? ಲೆಕ್ಕ ಮಾಡಿ

ನೀರುಚಿಗಟಕ್ಕೆ ಎಷ್ಟು ವಿಷ ಮಾರಕ ಎಂದು ತಿಳಿಯಲು ಪ್ರಪಂಚದ ಅನೇಕ ಪ್ರಯೋಗಾಲಯಗಳಲ್ಲಿ ಒಂದೇ ಕ್ರಮದ ಪರೀಕ್ಷೆ ನಡೆಯುತ್ತದೆ. ಹುಟ್ಟಿ 24 ಗಂಟೆ ಕಳೆಯದ ಮರಿಗಳನ್ನು ಬೇರೆ ಬೇರೆ ಪ್ರಮಾಣದ ವಿಷವಿರುವ ನೀರಿನಲ್ಲಿ 48 ಗಂಟೆ ಇಡುತ್ತಾರೆ. ಅರ್ಧದಷ್ಟು ಮರಿಗಳು ಈಜಲಾರದೆ ನಿಂತುಬಿಡುವ ಪ್ರಮಾಣವನ್ನು ಗುರುತು ಮಾಡುತ್ತಾರೆ. ಮ್ಯಾಲಥಿಯಾನ್ ವಿಷಯದಲ್ಲಿ ಇದು ಒಂದು ಲೀಟರ್ ನೀರಿಗೆ ಸುಮಾರು 1 ಮೈಕ್ರೊಗ್ರಾಂ. ಮೈಕ್ರೊಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದ ಒಂದು ಭಾಗ.

ಈಗ ಲೆಕ್ಕ ಹಾಕಿ. 1 ಗ್ರಾಂ ಮ್ಯಾಲಥಿಯಾನ್ ಎಷ್ಟು ಲೀಟರ್ ನೀರನ್ನು ಈ ಮಟ್ಟಕ್ಕೆ ತರಬಲ್ಲದು? ಹತ್ತು ಲಕ್ಷ ಲೀಟರ್. 40 ಮೀಟರ್ ಉದ್ದ, 25 ಮೀಟರ್ ಅಗಲ, 1 ಮೀಟರ್ ಆಳದ ಒಂದು ಕಟ್ಟೆಯಲ್ಲಿ ಹಿಡಿಯುವ ನೀರು ಅಷ್ಟೇ.

1 ಗ್ರಾಂ ಎಲ್ಲಿಂದ ಬರುತ್ತದೆ? ಅಂಗಡಿಯಲ್ಲಿ ಸಿಗುವ ಮ್ಯಾಲಥಿಯಾನ್ 50 ಇ.ಸಿ. ದ್ರವದಲ್ಲಿ ಸುಮಾರು ಅರ್ಧದಷ್ಟು ಅಸಲು ವಿಷವಿರುತ್ತದೆ. ಒಂದು ಲೀಟರ್ ನೀರಿಗೆ 2 ಮಿಲಿಲೀಟರ್ ಬೆರೆಸುವುದು ಸಾಮಾನ್ಯ ಪದ್ಧತಿ. ಅಂದರೆ ಬೆರೆಸಿದ ಒಂದು ಲೀಟರ್ ದ್ರಾವಣದಲ್ಲಿ ಸುಮಾರು 1 ಗ್ರಾಂ ಇರುತ್ತದೆ. ಸ್ಪ್ರೇಯರಿನ ತಳದಲ್ಲಿ ಉಳಿದ ಒಂದು ಲೀಟರನ್ನು ಕಟ್ಟೆಗೆ ಚೆಲ್ಲಿ ತೊಳೆದರೆ ಆ ಇಡೀ ಕಟ್ಟೆಯ ನೀರುಚಿಗಟಗಳಿಗೆ ಕುತ್ತು ಬಂದಂತೆ. ನಮ್ಮ ಕಣ್ಣಿಗೆ ನೀರು ಮೊದಲಿನಷ್ಟೇ ತಿಳಿಯಾಗಿ ಕಾಣುತ್ತದೆ.

ಹಸಿವು ಮತ್ತು ವಿಷ ಸೇರಿದಾಗ

ಹಾಗಾದರೆ ಆ ಮಟ್ಟಕ್ಕಿಂತ ಕಡಿಮೆ ವಿಷವಿದ್ದರೆ ಚಿಂತೆಯಿಲ್ಲವೇ? ಇಲ್ಲೇ ಆಹಾರದ ವಿಷಯ ಬರುತ್ತದೆ. ಮೇಲೆ ಹೇಳಿದ 48 ಗಂಟೆಯ ಪರೀಕ್ಷೆಯಲ್ಲಿ ಮರಿಗಳಿಗೆ ಊಟ ಕೊಡುವುದಿಲ್ಲ. ಸತ್ತವೇ, ಈಜುತ್ತಿವೆಯೇ ಎಂದಷ್ಟೇ ನೋಡುತ್ತಾರೆ. 21 ದಿನಗಳ ಇನ್ನೊಂದು ಪರೀಕ್ಷೆಯಿದೆ. ಅದರಲ್ಲಿ ದಿನವೂ ಪಾಚಿಯ ಊಟ ಹಾಕಿ ಎಷ್ಟು ಮರಿಗಳು ಹುಟ್ಟುತ್ತವೆ ಎಂದು ಎಣಿಸುತ್ತಾರೆ. ತಾಯಿಯನ್ನು ಕೊಲ್ಲಲಾಗದಷ್ಟು ಕಡಿಮೆ ವಿಷವೂ ಮರಿಗಳ ಸಂಖ್ಯೆಯನ್ನು ಇಳಿಸಬಲ್ಲದು ಎಂಬುದು ಇಂಥ ಪರೀಕ್ಷೆಗಳಿಂದ ತಿಳಿದಿದೆ. ಆದರೆ ಕೆರೆಯಲ್ಲಿ ದಿನವೂ ಊಟ ಬಡಿಸುವವರು ಯಾರೂ ಇಲ್ಲ.

ಒಂದು ಮನೆಯ ಖರ್ಚಿನ ಲೆಕ್ಕದಂತೆ ಇದನ್ನು ನೋಡೋಣ. ಈ ಅಂಕಿಗಳು ಅರ್ಥವಾಗಲೆಂದು ನಾವೇ ಹಿಡಿದವು.

ಹೊಟ್ಟೆ ತುಂಬ ತಿಂದ ನೀರುಚಿಗಟದ ದಿನದ ಸಂಪಾದನೆ 100 ರೂಪಾಯಿ ಎನ್ನೋಣ. ಉಸಿರಾಟ, ಈಜು ಮುಂತಾಗಿ ಬದುಕಿ ಉಳಿಯುವ ಖರ್ಚು 40. ಉಳಿದ 60 ಬೆಳವಣಿಗೆಗೆ ಮತ್ತು ಮೊಟ್ಟೆಗಳಿಗೆ. ನೀರಿಗೆ ಸ್ವಲ್ಪ ವಿಷ ಬಂತು. ವಿಷವನ್ನು ಒಡೆದು ಹೊರಹಾಕಲು, ಕೆಟ್ಟ ಭಾಗವನ್ನು ಸರಿಮಾಡಲು 20 ರೂಪಾಯಿ ಹೆಚ್ಚಿನ ಖರ್ಚು. ಆಗಲೂ 40 ಉಳಿಯುತ್ತದೆ. ಮೊಟ್ಟೆಗಳು ಕಡಿಮೆಯಾದವು, ಆದರೆ ಜೀವಕ್ಕೆ ತೊಂದರೆಯಿಲ್ಲ.

ಇನ್ನು ಅರೆಹೊಟ್ಟೆಯ ನೀರುಚಿಗಟ. ಅದರ ಸಂಪಾದನೆ 50. ಬದುಕುವ ಖರ್ಚು ಅದೇ 40. ಕೈಯಲ್ಲಿ ಉಳಿಯುವುದು 10 ಮಾತ್ರ. ಅದೇ ವಿಷ ಬಂತು, ಅದೇ 20 ರೂಪಾಯಿ ಖರ್ಚು. ಈಗ 10 ರೂಪಾಯಿ ಸಾಲ! ಮೊಟ್ಟೆಯ ಮಾತಿರಲಿ, ಜೀವ ಉಳಿಸಿಕೊಳ್ಳುವುದೇ ಕಷ್ಟ. ವಿಷ ಅಷ್ಟೇ, ಫಲ ಬೇರೆ. ಹಸಿದ ಪ್ರಾಣಿಗಳು ಸಾಮಾನ್ಯವಾಗಿ ಕಡಿಮೆ ವಿಷಕ್ಕೇ ಸೋಲುವುದು ಇದರಿಂದ.

ಇನ್ನೂ ಒಂದು ತೊಡಕಿದೆ. ನೀರು ಸೋಸುವ ಕಾಲುಗಳು ಸ್ನಾಯುಗಳಿಂದ ಅಲುಗಾಡುತ್ತವೆ. ವಿಷದಿಂದ ಅವು ನಿಧಾನವಾದರೆ ಬಾಯಿಗೆ ಹೋಗುವ ಆಹಾರವೂ ಕಡಿಮೆಯಾಗುತ್ತದೆ. ಸುತ್ತ ಪಾಚಿ ತುಂಬಿದ್ದರೂ ನೀರುಚಿಗಟ ಹಸಿಯುತ್ತದೆ. ವಿಷ ಹಸಿವನ್ನು ತರುತ್ತದೆ, ಹಸಿವು ವಿಷದ ಬಲವನ್ನು ಹೆಚ್ಚಿಸುತ್ತದೆ.

ಎಲ್ಲ ಸಲವೂ ಹೆಚ್ಚು ಆಹಾರ ಇದ್ದರೆ ಒಳ್ಳೆಯದೇ ಎಂದೂ ಹೇಳಲಾಗದು. ನೀರಿನಲ್ಲಿ ಸುಲಭವಾಗಿ ಕರಗದ ಕೆಲವು ಕೀಟನಾಶಕಗಳು ಪಾಚಿಯ ಕಣಗಳಿಗೆ ಅಂಟಿಕೊಳ್ಳುತ್ತವೆ. ಆಗ ಊಟದ ಜೊತೆಗೇ ವಿಷವೂ ಹೊಟ್ಟೆಗೆ ಹೋಗುತ್ತದೆ. ಹೀಗಾಗಿ ಲೀಟರಿಗೆ ಇಷ್ಟು ವಿಷ ಎಂಬ ಒಂದು ಅಂಕಿ ಸಾಲದು. ಆ ನೀರಿನಲ್ಲಿ ಬದುಕುವವರ ಹೊಟ್ಟೆಯ ಸ್ಥಿತಿಯೂ ಗೊತ್ತಿರಬೇಕು.

ತೊಟ್ಟಿಗಳಲ್ಲಿ ನಡೆದ ಪ್ರಯೋಗ

ಸಣ್ಣ ಪ್ರಾಣಿಗಳು ಹೋದರೆ ಹೋಗಲಿ, ನಮಗೇನು ಎಂದು ಯಾರಾದರೂ ಕೇಳಬಹುದು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಿಕ್ ರೆಲಿಯ ಮತ್ತು ಅವರ ಸಹೋದ್ಯೋಗಿ 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಅವರು ಬಯಲಿನಲ್ಲಿಟ್ಟ ದೊಡ್ಡ ತೊಟ್ಟಿಗಳಲ್ಲಿ ಪಾಚಿ, ಪ್ರಾಣಿಪ್ಲವಕ ಮತ್ತು ಕಪ್ಪೆಯ ಗೊದಮೊಟ್ಟೆಗಳನ್ನು ಬಿಟ್ಟು ಪುಟ್ಟ ಕೊಳಗಳನ್ನೇ ಮಾಡಿದರು. ಕೆಲವು ತೊಟ್ಟಿಗಳಿಗೆ ಮ್ಯಾಲಥಿಯಾನ್ ಹಾಕಿದರು. ಗೊದಮೊಟ್ಟೆಗಳನ್ನು ನೇರವಾಗಿ ಕೊಲ್ಲಲು ಸಾಲದಷ್ಟು ಕಡಿಮೆ ಪ್ರಮಾಣ ಅದು.

ಆದದ್ದೇನು? ಮೊದಲು ಪ್ರಾಣಿಪ್ಲವಕಗಳು ಸತ್ತವು. ಸೋಸುವವರು ಇಲ್ಲವಾದ್ದರಿಂದ ತೇಲುವ ಪಾಚಿ ಬೆಳೆದು ನೀರು ಹಸಿರಾಯಿತು. ಹಸಿರು ನೀರಿನಿಂದ ತಳಕ್ಕೆ ಬೆಳಕು ಇಳಿಯಲಿಲ್ಲ. ತಳದಲ್ಲಿ ಅಂಟಿಕೊಂಡು ಬೆಳೆಯುವ ಬೇರೆ ಬಗೆಯ ಪಾಚಿ ಕುಗ್ಗಿತು. ಗೊದಮೊಟ್ಟೆಗಳ ಊಟ ಆ ತಳದ ಪಾಚಿಯೇ! ಚಿರತೆಕಪ್ಪೆ ಎಂಬ ಜಾತಿಯ ಗೊದಮೊಟ್ಟೆಗಳು ಹಸಿವಿನಿಂದ ನಿಧಾನವಾಗಿ ಬೆಳೆದವು. ತೊಟ್ಟಿಯ ನೀರು ಬತ್ತುವುದರೊಳಗೆ ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಪ್ಪೆಗಳಾಗಲೇ ಇಲ್ಲ. ಬೇಗ ಬೆಳೆದು ಕಪ್ಪೆಯಾಗುವ ಇನ್ನೊಂದು ಜಾತಿಗೆ ಅಷ್ಟು ಹಾನಿಯಾಗಲಿಲ್ಲ.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಅತಿ ಹೆಚ್ಚು ಹಾನಿಯಾದದ್ದು ಒಮ್ಮೆಗೇ ಲೀಟರಿಗೆ 250 ಮೈಕ್ರೊಗ್ರಾಂ ಹಾಕಿದ ತೊಟ್ಟಿಯಲ್ಲಿ ಅಲ್ಲ. ವಾರಕ್ಕೊಮ್ಮೆ 10 ಮೈಕ್ರೊಗ್ರಾಂನಂತೆ ಏಳು ವಾರ ಹಾಕಿದ ತೊಟ್ಟಿಯಲ್ಲಿ! ಕಾರಣ ಊಹಿಸಬಲ್ಲಿರಾ? ಮ್ಯಾಲಥಿಯಾನ್ ನೀರಿನಲ್ಲಿ ಬಹಳ ಕಾಲ ನಿಲ್ಲದೆ ಒಡೆದುಹೋಗುತ್ತದೆ. ಒಮ್ಮೆ ಮಾತ್ರ ಹಾಕಿದ್ದರೆ ಪ್ರಾಣಿಪ್ಲವಕಗಳು ಮತ್ತೆ ಹೆಚ್ಚಿಕೊಳ್ಳಲು ಸಮಯ ಸಿಗುತ್ತದೆ. ನೀರುಚಿಗಟದ ಮರಿ ತಾಯಿಯಾಗಲು ಒಂದು ವಾರ ಬೇಕೆಂದು ಓದಿದೆವು. ವಾರವಾರವೂ ವಿಷ ಬಿದ್ದರೆ ಅವು ಚೇತರಿಸಿಕೊಳ್ಳುವುದು ಯಾವಾಗ?

ಜಪಾನಿನ ಒಂದು ಸರೋವರ

ತೊಟ್ಟಿಯಲ್ಲಿ ಆದದ್ದು ದೊಡ್ಡ ಸರೋವರದಲ್ಲೂ ಆದೀತೇ? ಜಪಾನಿನ ಶಿಮಾನೆ ಪ್ರಾಂತ್ಯದಲ್ಲಿ ಶಿಂಜಿ ಎಂಬ ಸರೋವರವಿದೆ. ನದಿಯ ಸಿಹಿನೀರಿಗೆ ಸ್ವಲ್ಪ ಸಮುದ್ರದ ನೀರು ಬೆರೆತು ಅದರ ನೀರು ಸಪ್ಪೆಯುಪ್ಪು. ಸುತ್ತಲಿನ ಭತ್ತದ ಗದ್ದೆಗಳ ನೀರು ಅಲ್ಲಿಗೆ ಬರುತ್ತದೆ. 1993ರಿಂದ ಆ ಪ್ರದೇಶದ ಗದ್ದೆಗಳಲ್ಲಿ ನಿಯೋನಿಕೋಟಿನಾಯ್ಡ್ ಎಂಬ ಹೊಸ ಗುಂಪಿನ ಕೀಟನಾಶಕಗಳ ಬಳಕೆ ಆರಂಭವಾಯಿತು. ನಮ್ಮಲ್ಲಿಯೂ ಬಳಕೆಯಲ್ಲಿರುವ ಇಮಿಡಾಕ್ಲೋಪ್ರಿಡ್ ಈ ಗುಂಪಿನದು.

ಮಸುಮಿ ಯಮಮುರೊ ಎಂಬ ವಿಜ್ಞಾನಿ ಮತ್ತು ಅವರ ತಂಡದವರು ಆ ಸರೋವರದ ಹಲವು ವರ್ಷಗಳ ಲೆಕ್ಕಗಳನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದರು. ವಸಂತಕಾಲದಲ್ಲಿ ಅಲ್ಲಿನ ಪ್ರಾಣಿಪ್ಲವಕಗಳ ಸರಾಸರಿ ತೂಕ ಶೇಕಡ 83ರಷ್ಟು ಇಳಿದಿತ್ತು. ಅವನ್ನು ತಿಂದು ಬದುಕುವ ಸ್ಮೆಲ್ಟ್ ಎಂಬ ಸಣ್ಣ ಮೀನಿನ ಹಿಡುವಳಿ 240 ಟನ್ನಿನಿಂದ 22 ಟನ್ನಿಗೆ ಕುಸಿದಿತ್ತು. ಮೀನುಗಳನ್ನು ವಿಷ ನೇರವಾಗಿ ಕೊಲ್ಲಬೇಕಾಗಿಯೇ ಇಲ್ಲ. ಅವುಗಳ ತಟ್ಟೆಯಲ್ಲಿನ ಅನ್ನ ಹೋದರೆ ಸಾಕು. ಆ ಮೀನನ್ನು ನಂಬಿದ ಬೆಸ್ತರ ತಟ್ಟೆಯೂ ಅದರ ಜೊತೆಗೇ ಬರಿದಾಗುತ್ತದೆ.

ನಾರುಹುಣ್ಣಿನ ನೆನಪು

ನೀರಿನ ಸಣ್ಣ ಪ್ರಾಣಿಗಳಿಗೆ ಬೇಕೆಂದೇ ವಿಷ ಹಾಕಿದ ಸಂದರ್ಭವೂ ನಮ್ಮ ದೇಶದಲ್ಲಿದೆ. ನಿಮ್ಮ ಅಜ್ಜ ಅಜ್ಜಿಯರನ್ನು ನಾರುಹುಣ್ಣಿನ ಬಗ್ಗೆ ಕೇಳಿ. ಕಾಲಿನಿಂದ ದಾರದಂತಹ ಉದ್ದನೆಯ ಹುಳು ಹೊರಬರುವ ಈ ರೋಗ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿತ್ತು. ಅದರ ಮರಿಹುಳುಗಳು ಸೈಕ್ಲಾಪ್ಸ್ ಹೊಟ್ಟೆಯಲ್ಲಿ ಬೆಳೆಯುತ್ತವೆ. ಮೆಟ್ಟಿಲು ಬಾವಿಗಳ ನೀರನ್ನು ಸೋಸದೆ ಕುಡಿದವರಿಗೆ ರೋಗ ಬರುತ್ತಿತ್ತು. ಅಂಥ ನೀರಿಗೆ ಟೆಮೆಫಾಸ್ ಎಂಬ ಕೀಟನಾಶಕವನ್ನು ಲೀಟರಿಗೆ 1 ಮಿಲಿಗ್ರಾಂನಂತೆ ಅಳೆದು ಹಾಕಿ ಸೈಕ್ಲಾಪ್ಸ್‌ಗಳನ್ನು ಕೊಂದರು. ಜೊತೆಗೆ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು, ಸುರಕ್ಷಿತ ನೀರು ಒದಗಿಸಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ಕಂಡುಬಂತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಘೋಷಣೆಯಾಯಿತು.

ಇದರಿಂದ ಏನು ತಿಳಿಯುತ್ತದೆ? ಎಲ್ಲಿ, ಎಷ್ಟು, ಯಾವ ಜೀವಿಗಾಗಿ ಎಂದು ಅಳೆದು ಬಳಸಿದ ವಿಷ ಒಂದು ರೋಗವನ್ನು ಅಳಿಸಲು ನೆರವಾಯಿತು. ಅಳತೆಯಿಲ್ಲದೆ, ಗೊತ್ತೂ ಆಗದಂತೆ ಕೆರೆಗೆ ಸೇರುವ ವಿಷಕ್ಕೆ ಅಂಥ ಯಾವ ಉದ್ದೇಶವೂ ಇಲ್ಲ.

ಡಬ್ಬಿಯ ಮೇಲಿನ ಬಣ್ಣ

ಕೀಟನಾಶಕದ ಡಬ್ಬಿಯ ಮೇಲೆ ಗಾಳಿಪಟದ ಆಕಾರದ ಒಂದು ಗುರುತು ಇರುತ್ತದೆ. ಅದರ ಕೆಳಗಿನ ತ್ರಿಕೋನಕ್ಕೆ ಬಣ್ಣ ಹಾಕಿರುತ್ತಾರೆ. ಕೆಂಪು ಎಂದರೆ ಅತ್ಯಂತ ವಿಷಕಾರಿ. ಹಳದಿ ಅದಕ್ಕಿಂತ ಕಡಿಮೆ. ಆಮೇಲೆ ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ. ದೊಡ್ಡವರು ಡಬ್ಬಿ ಹಿಡಿದಾಗ ದೂರದಿಂದಲೇ ನೋಡಿ, ಮುಟ್ಟಬೇಡಿ.

ಈ ಬಣ್ಣಗಳನ್ನು ನಿರ್ಧರಿಸುವುದು ಇಲಿಯಂತಹ ಸಸ್ತನಿಗಳ ಮೇಲೆ ಮಾಡಿದ ಪರೀಕ್ಷೆಗಳಿಂದ. ಬಳಸುವ ಮನುಷ್ಯರಿಗೆ ಎಷ್ಟು ಅಪಾಯ ಎಂದು ತಿಳಿಸುವುದು ಅದರ ಉದ್ದೇಶ. ನೀರುಚಿಗಟಕ್ಕೆ ಎಷ್ಟು ಅಪಾಯ ಎಂದು ಆ ಬಣ್ಣ ಹೇಳುವುದಿಲ್ಲ. ಸಸ್ತನಿಗಳ ಲೆಕ್ಕದಲ್ಲಿ ಮ್ಯಾಲಥಿಯಾನ್ ನೀಲಿ ಗುಂಪಿಗೆ ಬರುತ್ತದೆ. ಆದರೂ ಲೀಟರಿಗೆ 1 ಮೈಕ್ರೊಗ್ರಾಂ ನೀರುಚಿಗಟಕ್ಕೆ ಎಷ್ಟು ದುಬಾರಿ ಎಂದು ನೋಡಿದಿರಿ. ಇದು ನೀಲಿ, ಪರವಾಗಿಲ್ಲ ಎಂದು ಕೆರೆಯಲ್ಲಿ ತೊಳೆಯುವಂತಿಲ್ಲ.

ಮಾಡಿ ನೋಡಿ

ಈ ಪ್ರಯೋಗವನ್ನು ಆಹಾರದಿಂದ ಮಾತ್ರ ಮಾಡಬೇಕು. ಕೀಟನಾಶಕವನ್ನು ಯಾವ ಕಾರಣಕ್ಕೂ ಬಳಸಬಾರದು. ಕೆರೆಯ ಬಳಿಗೆ ಶಿಕ್ಷಕರ ಜೊತೆಯಲ್ಲೇ ಹೋಗಬೇಕು.

ಬೇಕಾಗುವ ವಸ್ತುಗಳು: ಅಗಲ ಬಾಯಿಯ ಎರಡು ಗಾಜಿನ ಬಾಟಲಿ, ಹಳೆಯ ತೆಳು ಬಟ್ಟೆ, ತಂತಿಯ ಬಳೆ, ಭೂತಗನ್ನಡಿ, ಅಗಲ ಬಾಯಿಯ ಪಿಲ್ಲರ್, ಕಪ್ಪು ಕಾಗದ.

1. ತಂತಿಯ ಬಳೆಗೆ ಬಟ್ಟೆ ಹೊಲಿದು ಸಣ್ಣ ಬಲೆ ಮಾಡಿ. ಅದನ್ನು ನೀರಿನಲ್ಲಿ ನಿಧಾನವಾಗಿ ಎಳೆದು, ಸಿಕ್ಕಿದ್ದನ್ನು ಲೋಟದ ನೀರಿಗೆ ಬಿಡಿ. ಹಿಂದೆ ಕಪ್ಪು ಕಾಗದ ಹಿಡಿದರೆ ನೀರುಚಿಗಟಗಳು ಚೆನ್ನಾಗಿ ಕಾಣುತ್ತವೆ.

2. ಕೆರೆಯ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಎರಡೂ ಬಾಟಲಿಗಳಿಗೆ ಸಮನಾಗಿ ಹಾಕಿ. ಕ್ಲೋರಿನ್ ಬೆರೆಸಿದ ನಲ್ಲಿ ನೀರು ಬೇಡ.

3. ಎರಡಕ್ಕೂ ಒಂದೇ ಗಾತ್ರದ ಐದೈದು ನೀರುಚಿಗಟಗಳನ್ನು ಪಿಲ್ಲರಿನಿಂದ ಬಿಡಿ. ಬಿಸಿಲು ನೇರವಾಗಿ ಬೀಳದ, ಬೆಳಕಿರುವ ಕಿಟಕಿಯ ಬಳಿ ಇಡಿ.

4. ಮೊದಲ ಬಾಟಲಿಗೆ ಎರಡು ದಿನಕ್ಕೊಮ್ಮೆ ಒಂದೆರಡು ಚಮಚ ಹಸಿರು ನೀರು ಹಾಕಿ. ಪಾಚಿಯಿರುವ ನೀರನ್ನು ಗಾಜಿನ ಬಾಟಲಿಯಲ್ಲಿ ಕೆಲವು ದಿನ ಬಿಸಿಲಿಗಿಟ್ಟರೆ ಹಸಿರು ನೀರು ಸಿದ್ಧವಾಗುತ್ತದೆ. ಎರಡನೆಯ ಬಾಟಲಿಗೆ ಅಷ್ಟೇ ಪ್ರಮಾಣದ ಸೋಸಿದ ನೀರು ಹಾಕಿ.

5. ದಿನವೂ ಎಣಿಸಿ. ಎಷ್ಟು ದೊಡ್ಡವು, ಎಷ್ಟು ಮರಿಗಳು, ಬೆನ್ನಿನಲ್ಲಿ ಎಷ್ಟು ಮೊಟ್ಟೆಗಳು ಎಂದು ಪಟ್ಟಿಯಲ್ಲಿ ಬರೆಯಿರಿ. ಎರಡು ವಾರದ ನಂತರ ಎರಡೂ ಬಾಟಲಿಗಳನ್ನು ಹೋಲಿಸಿ.

ಪ್ರಯೋಗ ಮುಗಿದ ಮೇಲೆ ನೀರುಚಿಗಟಗಳನ್ನು ಅದೇ ಕೆರೆಗೆ ಬಿಡಿ.

ನಾವೇನು ಮಾಡಬಹುದು?

ಮನೆಯಲ್ಲಿ ಹಿರಿಯರೊಡನೆ ಈ ವಿಷಯಗಳನ್ನು ಮಾತನಾಡಿ. ಸ್ಪ್ರೇಯರನ್ನು ಕೆರೆ, ಬಾವಿ, ಕಾಲುವೆಗಳ ಬಳಿ ತೊಳೆಯಬಾರದು. ತೊಳೆದ ನೀರನ್ನು ಸಿಂಪಡಿಸಿದ ಹೊಲಕ್ಕೇ ಹಾಕಬೇಕು. ಮಳೆ ಬರುವ ಸೂಚನೆ ಇದ್ದಾಗ, ಗಾಳಿ ಜೋರಾಗಿದ್ದಾಗ ಸಿಂಪಡಿಸಬಾರದು. ಕೆರೆಯಂಚಿನ ಹೊಲದ ಬದುವಿನಲ್ಲಿ ಹುಲ್ಲು ಬೆಳೆಸಿದರೆ ಕೊಚ್ಚಿಬರುವ ಮಣ್ಣನ್ನು ಅದು ತಡೆಯುತ್ತದೆ. ಹುಳ ಕಂಡ ಕೂಡಲೇ ಸಿಂಪಡಿಸುವ ಬದಲು, ಹಾನಿಯಾಗುವಷ್ಟು ಹುಳ ಇದೆಯೇ ಎಂದು ಎಣಿಸಿ ನೋಡುವ ಪದ್ಧತಿ ಇದೆ. ಮೋಹಕ ಬಲೆ, ದೀಪದ ಬಲೆಗಳೂ ಇವೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ಬಗ್ಗೆ ಕೇಳಬಹುದು. ಇದರಿಂದ ಔಷಧಿಯ ಖರ್ಚೂ ಉಳಿಯುತ್ತದೆ. ಖಾಲಿ ಡಬ್ಬಿಗಳಲ್ಲಿ ನೀರಾಗಲಿ ಎಣ್ಣೆಯಾಗಲಿ ತುಂಬಿಡಬಾರದು.

ಅಭ್ಯಾಸ

1. ನೀರುಚಿಗಟಗಳು ಸತ್ತರೆ ಕೆರೆಯ ನೀರು ಹಸಿರಾಗುವುದೇಕೆ?

2. ಒಂದು ಹೊಂಡದ ಉದ್ದ 20 ಮೀಟರ್, ಅಗಲ 10 ಮೀಟರ್, ಆಳ 1.5 ಮೀಟರ್. ಇದರಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ? ಲೀಟರಿಗೆ 1 ಮೈಕ್ರೊಗ್ರಾಂ ಆಗಲು ಎಷ್ಟು ಗ್ರಾಂ ಮ್ಯಾಲಥಿಯಾನ್ ಸಾಕು?

3. ರೆಲಿಯ ಅವರ ಪ್ರಯೋಗದಲ್ಲಿ ಗೊದಮೊಟ್ಟೆಗಳಿಗೆ ಹಾನಿಯಾದದ್ದು ವಿಷದಿಂದಲೋ, ಹಸಿವಿನಿಂದಲೋ? ಗೆಳೆಯರೊಡನೆ ಚರ್ಚಿಸಿ ನಿಮ್ಮ ಉತ್ತರಕ್ಕೆ ಕಾರಣ ಬರೆಯಿರಿ.

4. ನಿಮ್ಮೂರಿನ ಕೆರೆಗೆ ನೀರು ಯಾವ ಯಾವ ಹೊಲಗಳಿಂದ ಹರಿದು ಬರುತ್ತದೆ? ನಕ್ಷೆ ಬರೆಯಿರಿ.

ಶಿಕ್ಷಕರ ಗಮನಕ್ಕೆ: ಆಹಾರ ಸರಪಳಿಯ ಪಾಠದ ಜೊತೆ ಇದನ್ನು ಬಳಸಬಹುದು. ಎರಡು ಬಾಟಲಿಗಳ ಎಣಿಕೆ ಪ್ರತಿ ಗುಂಪಿಗೂ ಒಂದೇ ರೀತಿ ಬರುವುದಿಲ್ಲ. ಬಂದ ಅಂಕಿಯನ್ನೇ ಬರೆಯುವಂತೆ ಮಕ್ಕಳಿಗೆ ತಿಳಿಸಿ, ಎಲ್ಲ ಗುಂಪುಗಳ ಸರಾಸರಿ ತೆಗೆಯಿಸಿ. ಎರಡನೆಯ ಪ್ರಶ್ನೆಯ ಉತ್ತರ: 3 ಲಕ್ಷ ಲೀಟರ್, 0.3 ಗ್ರಾಂ.